ಪ್ರೊಸೆಸರಿಗೆ ಇಟ್ಟ ಬೊಟ್ಟು

“ಇದೇನಿದು ಮೇಡಂ? ಕುಂಕುಮ!”

ಸರ್ವಿಸ್ ಸೆಂಟರಿನ ಚಲುವರಾಜು ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ. ಒಳಗೆ ಪ್ರೊಸೆಸರ್ ಅಂಗಾತ ಬಿದ್ದಿತ್ತು. ಕಂಪ್ಯೂಟರಿನ ಮೆದುಳು ಎಂದು ನಾರಾಯಣಮ್ಮನವರಿಗೆ ಮಗಳು ಲಾಸ್ಯಾ ಹೇಳಿಕೊಟ್ಟಿದ್ದ, ಬಿಸ್ಕತ್ತಿನಷ್ಟಗಲದ ಚೌಕ. ಅದರ ನಟ್ಟನಡುವೆ ಒಂದು ಕೆಂಪು ಬೊಟ್ಟು. ಒಣಗಿ ಪುಡಿಯಾಗಿ, ಹೊಂಬಣ್ಣದ ಚುಕ್ಕಿಗಳ ಸಂದಿಗೆಲ್ಲ ಇಳಿದಿತ್ತು.

ನಾರಾಯಣಮ್ಮ ಕನ್ನಡಕ ಏರಿಸಿ ನೋಡಿದರು. ಮತ್ತೊಮ್ಮೆ ನೋಡಿದರು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಒಂದೇ ಮಾತು. ಅದನ್ನು ನುಂಗಿಕೊಂಡರು.

“ಅಂದ್ರೆ?”

“ಅಂದ್ರೆ ವಾರಂಟಿ ಬರಲ್ಲ. ಹೊರಗಿನ ಪದಾರ್ಥ ಬಿದ್ದಿದ್ರೆ ಕಂಪನಿ ರಿಜೆಕ್ಟ್ ಮಾಡುತ್ತೆ. ಭಕ್ತಿ ಇರಲಿ, ಬೇಡ ಅನ್ನಲ್ಲ. ಹೊರಗಿನ ಡಬ್ಬಕ್ಕೆ ಇಡಿ ಸಾಕು. ಬಿಚ್ಚಿ ಒಳಗಿರೋದಕ್ಕೂ ಇಡ್ತಾರಾ?”

ಹಿಂದೆ ಸಾಲಿನಲ್ಲಿದ್ದ ನಾಲ್ಕಾರು ಮಂದಿ ಕಿಸಕ್ಕನೆ ನಕ್ಕರು. ನಾರಾಯಣಮ್ಮನವರ ಕಿವಿ ಬಿಸಿಯಾಯಿತು. ಬಸವನಗುಡಿಯಿಂದ ಶೇಷಾದ್ರಿಪುರಕ್ಕೆ ಅವರು ಬರುತ್ತಿದ್ದುದು ಇದು ಮೂರನೆಯ ಸಲ. ಮೊದಲ ಸಲ ಇದೇ ಚಲುವರಾಜು ಪ್ರೊಸೆಸರ್ ಇಸಿದುಕೊಂಡು ರಸೀದಿ ಹರಿದುಕೊಟ್ಟ. ಎರಡನೆಯ ಸಲ, ಹಬ್ಬದ ರಜೆ, ಎಂಜಿನಿಯರ್ ಬಂದಿಲ್ಲ ಎಂದ. ಈಗ ನೋಡಿದರೆ ತಪ್ಪೆಲ್ಲ ಇವರದೇ.

ಲಾಸ್ಯಾ ಸುಲ್ತಾನ್‌ಪೇಟೆಯ ಅಂಗಡಿಗಳಿಗೆ ಲಗ್ನಪತ್ರಿಕೆಗಳ ವಿನ್ಯಾಸ ಮಾಡಿಕೊಡುತ್ತಿದ್ದಳು. ಮೇಲೆ ಗಣಪತಿ, ಪಕ್ಕದಲ್ಲಿ ಬಾಳೆಕಂಬ, ನಡುವೆ ಕಂಡವರ ಮನೆಯ ವಧೂವರರು. ಕಾರ್ತಿಕದ ಮದುವೆಗಳು ಹತ್ತಿರ ಬಂದಿರುವಾಗ ಕಂಪ್ಯೂಟರ್ ಐದೈದು ನಿಮಿಷಕ್ಕೆ ಕಣ್ಣು ಮುಚ್ಚತೊಡಗಿತ್ತು. ಒಂದು ಅಂಗಡಿಯವರು ಆಗಲೇ ಬೇರೆಯವರನ್ನು ಹಿಡಿದಿದ್ದರು. ಈ ವಾರ ಹೊಸ ಪ್ರೊಸೆಸರ್ ಸಿಗದಿದ್ದರೆ ಉಳಿದವರೂ ಕೈತಪ್ಪುತ್ತಿದ್ದರು, ಹುಡುಗಿ ಬಿಟ್ಟು ಬಂದ ಕೆಲಸಕ್ಕೇ ತಲೆ ತಗ್ಗಿಸಿಕೊಂಡು ಮರಳಬೇಕಾಗಿತ್ತು. ಅದು ಮಾತ್ರ ನಾರಾಯಣಮ್ಮನವರಿಗೆ ಸುತರಾಂ ಒಪ್ಪಿಗೆಯಿರಲಿಲ್ಲ. ತಗ್ಗಿದ ತಲೆಗಳನ್ನು ಅವರು ಚಿಕ್ಕಂದಿನಲ್ಲೇ ಬೇಕಾದಷ್ಟು ನೋಡಿದ್ದರು.

“ನಾವೇ ಇಟ್ಟಿದ್ದು ಅಂತ ನಿಮಗೆ ಹೇಗೆ ಗೊತ್ತು?”

“ಬಿಲ್ ನೋಡಿ.” ಚಲುವರಾಜು ಬೆರಳಿನಿಂದ ತಟ್ಟಿದ. “ಹೋದ ವರ್ಷ ದಸರಾ ಆಫರ್‌ನಲ್ಲಿ ತಗೊಂಡಿದೀರ. ಆಯುಧಪೂಜೆ ಹಿಂದಿನ ದಿನ! ಮಾರನೇ ದಿನ ಏನ್ ಮಾಡಿರ್ತೀರ? ಅದೂ ಅಲ್ದೆ ಲಗ್ನಪತ್ರಿಕೆ ಮಾಡೋ ಮನೆ ಅಂತ ಅವತ್ತು ನೀವೇ ಹೇಳಿದ್ರಿ. ಇದಕ್ಕೆ ಎಂಜಿನಿಯರೇ ಬೇಕಾ ಮೇಡಂ?”

“ಸರಿ. ಬರೆದುಕೊಡಿ.”

“ಏನನ್ನ?”

“ಈಗ ಹೇಳಿದ್ರಲ್ಲ, ಅದನ್ನೇ.”

“ಮೇಲ್ ಬರುತ್ತೆ ಬಿಡಿ.”

“ಮೇಲ್ ಬೇಡ. ಕೈಬರಹ, ಸಹಿ, ಸೀಲು. ಕೊಡೋವರೆಗೂ ನಾನು ಇಲ್ಲಿಂದ ಕದಲಲ್ಲ.”

ಸರ್ಕಾರಿ ಕಚೇರಿಯಲ್ಲಿ ಮೂವತ್ತೊಂದು ವರ್ಷ ಕಡತ ನೋಡಿದ ಹೆಂಗಸು. ಬಾಯಿಮಾತು ಗಾಳಿಪಾಲು, ಬರೆದದ್ದು ಫೈಲುಪಾಲು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕೈಚೀಲವನ್ನು ಕೌಂಟರಿನ ಮೇಲಿಟ್ಟು ಗಟ್ಟಿಯಾಗಿ ನಿಂತರು. ಸಾಲು ಗೊಣಗಿತು. ಗೊಣಗಲಿ ಎಂದುಕೊಂಡರು.

ಚಲುವರಾಜು ಹಲ್ಲು ಕಡಿಯುತ್ತ ಹಾಳೆ ಎಳೆದುಕೊಂಡ. ಅಷ್ಟರಲ್ಲಿ ವಾಚ್‌ಮನ್ ನಂಜಪ್ಪ ತಟ್ಟೆ ಹಿಡಿದು ಬಂದ. ಕಡ್ಲೆಪುರಿ, ಬಾಳೆಹಣ್ಣು, ಅಂಚಿನಲ್ಲಿ ಕುಂಕುಮದ ಬಟ್ಟಲು.

“ಪ್ರಸಾದ ತಗೊಳ್ಳಮ್ಮ.”

ನಾರಾಯಣಮ್ಮ ಒಂದು ಹಿಡಿ ಪುರಿ ತೆಗೆದುಕೊಂಡರು. ಬಟ್ಟಲಿಗೆ ಕೈ ಅಡ್ಡ ಆಡಿಸಿದರು. ನಂಜಪ್ಪ ಅವರ ಬರಿದಾದ ಹಣೆ ನೋಡಿ, ಲೊಚಗುಟ್ಟಿ, ತಟ್ಟೆ ಹಿಂದಕ್ಕೆ ತೆಗೆದುಕೊಂಡ. ಇಂಥ ಕನಿಕರ ಅವರಿಗೆ ಹೊಸದಲ್ಲ. ತಿದ್ದುವ ಗೋಜಿಗೆ ಹೋಗದೆ ಪುರಿ ಬಾಯಿಗೆ ಹಾಕಿಕೊಂಡರು.

“ಬರೆದಾಯ್ತು,” ಎಂದು ಚಲುವರಾಜು ಹಾಳೆ ತಳ್ಳಿದ.

“‘ಬಹುಶಃ’ ಅಂತ ಯಾಕೆ ಹಾಕಿದೀರ? ಖಂಡಿತ ನಾವೇ ಇಟ್ಟಿದ್ದು ಅಂದ್ರಲ್ಲ?”

“ಹೌದು, ಖಂಡಿತ!”

“ಹಾಗೇ ಬರೀರಿ. ಮೆತ್ತಗೆ ಯಾಕೆ?”

ಅವನು ‘ಬಹುಶಃ’ ಹೊಡೆದುಹಾಕಿದ.

“ಇಸ್ಕೊಂಡ ತಾರೀಕು?”

“ಅದೂ ಬೇಕಾ? ಇಪ್ಪತ್ತೇಳು.”

“ಅವತ್ತಿಂದ ಇವತ್ತಿನವರೆಗೂ ನಿಮ್ಮ ಹತ್ರಾನೇ ಇದೆ ಅಂತಾನೂ ಸೇರಿಸಿ.”

“ಎಲ್ಲಿಗೆ ಹೋಗುತ್ತೆ ಮೇಡಂ? ಈ ಟೇಬಲ್ ಮೇಲೇ ಇತ್ತು,” ಎಂದು ರೇಗಿಕೊಂಡೇ ಅದನ್ನೂ ಗೀಚಿದ. “ಆಮೇಲೆ ಇದನ್ನ ಹಿಡ್ಕೊಂಡು ಕೋರ್ಟಿಗೆ ಹೋದ್ರೂ ಅಷ್ಟೇ. ಕುಂಕುಮ ಕುಂಕುಮಾನೇ.”

“ಕುಂಕುಮಾನೇ. ನಾನೆಲ್ಲಿ ಅಲ್ಲ ಅಂದೆ? ಸೀಲ್ ಹಾಕಿ.”

ಅವನು ಸೀಲು ಎತ್ತಿಕೊಂಡ. ಅದರ ಮರದ ಹಿಡಿಯ ಮೇಲೂ ಒಂದು ಕೆಂಪು ಬೊಟ್ಟಿತ್ತು. ಪ್ರಿಂಟರಿಗೆ ಸುತ್ತಿದ ಚೆಂಡುಹೂವಿನ ಹಾರ ಬಾಡಿ ಜೋತುಬಿದ್ದಿತ್ತು. ಧಡ್ ಎಂದು ಸೀಲು ಬಿತ್ತು.

ನಾರಾಯಣಮ್ಮ ಹಾಳೆ ಎತ್ತಿ, ಇಡೀ ಸಾಲಿಗೆ ಕೇಳುವಂತೆ ಓದಿದರು: “‘ಇಪ್ಪತ್ತೇಳನೇ ತಾರೀಕು ಸ್ವೀಕರಿಸಿದ್ದು, ಅಂದಿನಿಂದ ನಮ್ಮ ಬಳಿಯೇ ಇದೆ. ಗ್ರಾಹಕರು ಮನೆಯಲ್ಲಿ ಆಯುಧಪೂಜೆ ಮಾಡಿ ಖಂಡಿತವಾಗಿ ತಾವೇ ಕುಂಕುಮ ಇಟ್ಟಿರುತ್ತಾರೆ. ಈ ಒಂದೇ ಕಾರಣಕ್ಕೆ ವಾರಂಟಿ ಇಲ್ಲ.’ ಸಹಿ, ಚಲುವರಾಜು.”

ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು ಜಿಪ್ ಎಳೆದರು. ಅವರು ಹೊರಟರೆಂದುಕೊಂಡು ಚಲುವರಾಜು ನಿಟ್ಟುಸಿರುಬಿಟ್ಟ. ಹಿಂದಿದ್ದವರು ಒಂದು ಹೆಜ್ಜೆ ಮುಂದೆ ಬಂದರು. ನಾರಾಯಣಮ್ಮ ಕದಲಲಿಲ್ಲ. ಇಷ್ಟು ಹೊತ್ತು ನುಂಗಿಕೊಂಡಿದ್ದ ಮಾತನ್ನು ಈಗ ನಿಧಾನವಾಗಿ ಹೊರಗೆ ತೆಗೆದರು.

“ನಾವು ಬೌದ್ಧರಪ್ಪಾ, ನಮ್ಮನೇಲಿ ಆಯುಧಪೂಜೆ ಬಿಟ್ಟು ಇಪ್ಪತ್ತು ವರ್ಷ ಆಯ್ತು, ಮೊನ್ನೆ ಈ ಟೇಬಲ್ ಮೇಲಿದ್ದಿದ್ದಕ್ಕೆಲ್ಲ ಬೊಟ್ಟಿಟ್ಟೋರು ಯಾರು?”