ಏಳನೆಯ ಟೇಕ್

ನಾಟಕದ ಕಂಪನಿಯಲ್ಲಿ ಹನ್ನೆರಡು ವರ್ಷ ನಾಯಕಿಯಾಗಿ ಮೆರೆದ ಅಂಬುಜಾಕ್ಷಿಗೆ ಸಿನಿಮಾದಲ್ಲಿ ಸಿಕ್ಕಿದ್ದು ಬರೀ ತಾಯಿಯ ಪಾತ್ರ. ಅದೂ ತನಗಿಂತ ನಾಲ್ಕು ವರ್ಷ ದೊಡ್ಡವನಾದ ಒಬ್ಬನೇ ನಾಯಕನಿಗೆ, ಹದಿನೇಳು ಚಿತ್ರಗಳಲ್ಲಿ. ಕೊನೆಗೆ ರೋಸಿಹೋಗಿ, ಇದ್ದೊಂದು ಮನೆ ಮಾರಿ ನಿರ್ಮಾಪಕಿಯಾದಳು. ನಾಯಕಿ ತಾನೇ. ನಾಯಕ ಮಾತ್ರ ಅವನೇ; ಅವನಿಲ್ಲದ ಚಿತ್ರವನ್ನು ಕೊಳ್ಳುವವರೇ ಇರಲಿಲ್ಲ.

ಮೊದಲ ದಿನ ಪ್ರೇಮದ ದೃಶ್ಯ. ಅವನು ಮರದ ಮರೆಯಿಂದ ಓಡಿಬಂದು ಕೈ ಹಿಡಿಯಬೇಕು, ಅವಳು ನಾಚಿಕೊಂಡು "ಇಷ್ಟು ತಡ ಯಾಕೆ?" ಅನ್ನಬೇಕು.

ಓಡಿಬಂದವನು ನೇರವಾಗಿ ಅವಳ ಕಾಲಿಗೆ ಬಿದ್ದ.

"ಕಟ್!" ನಿರ್ದೇಶಕ ಹಣೆ ಚಚ್ಚಿಕೊಂಡ.

"ತಪ್ಪಾಯ್ತಮ್ಮಾ. ನಿಮ್ಮ ಮುಖ ಕಂಡ ಕೂಡ್ಲೇ ಸೊಂಟ ತಾನಾಗೇ ಬಗ್ಗುತ್ತೆ."

"ಮತ್ತೆ ಅಮ್ಮಾ ಅಂತೀರಲ್ಲ! ನಾನು ನಿಮ್ಮ ಪ್ರೇಯಸಿ ಕಣ್ರೀ!"

ಆರು ಟೇಕ್ ಆಯಿತು. ಆರು ಸಲವೂ ಅವನ ಹಣೆ ಅವಳ ಪಾದ ಮುಟ್ಟಿತು. ಅಂಬುಜಾಕ್ಷಿ ಕೆಂಡಾಮಂಡಲವಾದಳು. "ಪಾತ್ರ ಬದಲಾದ್ರೆ ನಾವೂ ಬದಲಾಗ್ಬೇಕು ತಾನೇ? ನಟನೆ ಅಂದ್ರೆ ಇನ್ನೇನ್ರೀ? ನನ್ನನ್ನ ನೋಡಿ ಕಲೀರಿ!"

ಏಳನೆಯ ಟೇಕಿಗೆ, ಸೊಂಟ ಬಗ್ಗದಂತೆ ಅವನ ಅಂಗಿಯೊಳಗೆ ಬಿದಿರಿನ ಪಟ್ಟಿ ಕಟ್ಟಿಸಿದಳು. ಅವನು ಓಡಿಬಂದ. ಬಾಗಲಿಲ್ಲ. ಬೆವರುತ್ತಲೇ ಅವಳ ಎರಡೂ ಕೈ ಹಿಡಿದು, ಕಣ್ಣಲ್ಲಿ ಕಣ್ಣಿಟ್ಟು ನಿಂತ. ಇಡೀ ಸೆಟ್ಟು ಉಸಿರು ಬಿಗಿಹಿಡಿಯಿತು.

ಅಂಬುಜಾಕ್ಷಿ ನಾಚಿ ತಲೆ ತಗ್ಗಿಸಿದಳು. ಮೆಲ್ಲಗೆ ಕೈ ಬಿಡಿಸಿಕೊಂಡು, ಅವನ ತಲೆ ನೇವರಿಸಿ ಕೇಳಿದಳು: "ಎಷ್ಟು ಸೊರಗಿದೀಯಪ್ಪಾ, ಊಟ ಮಾಡಿದ್ಯಾ ಕಂದಾ?"