ತಂಗಿಯ ಕೈಮಾತು

ವೆಂಕಟಲಕ್ಷ್ಮಿ ತಂಗಿಯ ಕೈಮೇಲೆ ಪಟಾರನೆ ಒಂದೇಟು ಹಾಕಿದಳು.

"ಹಾಗಲ್ಲ, ಹೀಗೆ" ಎಂದು ಸನ್ನೆಯಲ್ಲಿ ತಿದ್ದಿ ತೋರಿಸಿದಳು. ಇಬ್ಬರಿಗೂ ಹುಟ್ಟಿನಿಂದಲೇ ಕಿವಿ ಕೇಳದು. ಅಕ್ಕ ಮೈಸೂರಿನ ಕಿವುಡರ ಶಾಲೆಯಲ್ಲಿ ಹತ್ತು ವರ್ಷವಿದ್ದು, ಐವತ್ತೇಳರ ಆ ಬೇಸಿಗೆಯಲ್ಲಿ ಓದು ಮುಗಿಸಿ ಕೆಂಗೇರಿಯ ಮನೆಗೆ ಬಂದಿದ್ದಳು. ನಡುವೆ ರಜಕ್ಕೆ ಬರುತ್ತಿದ್ದದ್ದು ನೆಂಟರ ಹಾಗೆ ನಾಲ್ಕು ದಿನ. ತಂಗಿ ಚಿಕ್ಕತಾಯಿಯನ್ನು ಅಪ್ಪ ಎಲ್ಲಿಗೂ ಕಳಿಸಿರಲಿಲ್ಲ. ಮನೆಯಲ್ಲಿ ರೇಷ್ಮೆಹುಳ ಸಾಕುತ್ತಿದ್ದರು, ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕೆ ಕೈ ಬೇಕಿತ್ತು.

ಚಿಕ್ಕತಾಯಿ ಏಟು ಬಿದ್ದ ಕೈ ಉಜ್ಜಿಕೊಂಡು ನಕ್ಕಳು. ಅಕ್ಕ ತೋರಿಸಿದ ಹಾಗೆ ಒಮ್ಮೆ ಮಾಡಿದಳು. ಆಮೇಲೆ ಅವ್ವನ ಕಡೆ ತಿರುಗಿ ತನ್ನ ರೀತಿಯಲ್ಲೇ ಶುರುಮಾಡಿದಳು, ತೋಳು ಬೀಸಿ, ಭುಜ ಕುಣಿಸಿ, ಕೆನ್ನೆ ಉಬ್ಬಿಸಿ. ಸೊಪ್ಪು ಹೆಚ್ಚುತ್ತಿದ್ದ ಹನುಮಕ್ಕ ಕತ್ತಿ ಕೆಳಗಿಟ್ಟು ಅದೇ ರೀತಿಯಲ್ಲಿ ಉತ್ತರ ಕೊಟ್ಟಳು. ರೇಷ್ಮೆಗೂಡು ಕೊಳ್ಳಲು ಬರುವ ಏಕಾಂತಯ್ಯನ ವಿಷಯ ಅನ್ನುವುದಷ್ಟೇ ವೆಂಕಟಲಕ್ಷ್ಮಿಗೆ ಹೊಳೆಯಿತು. ಅವರಿಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

"ಏನು?" ಎಂದು ಅವಳು ಕೇಳಿದಳು.

ಹನುಮಕ್ಕನ ನಗು ಅಡಗಿತು. ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಬೆರಳುಗಳನ್ನು ಬಾಯಿಯ ಹತ್ತಿರ ಒಯ್ದಳು. ಊಟ ಮಾಡ್ತೀಯಾ?

ದಿನವೂ ಇದೇ. ಊಟ ಮಾಡು, ಮಲಕ್ಕೋ, ಬಿಸಿಲಿಗೆ ಹೋಗಬೇಡ. ಅದರಾಚೆಗೆ ಅವ್ವನಿಂದ ಅವಳಿಗೆ ಏನೂ ಸಿಗುತ್ತಿರಲಿಲ್ಲ. ಶಾಲೆಯಲ್ಲಿ ಚಿಕ್ಕ ಹುಡುಗಿಯರು ಅವಳ ಬೆರಳುಗಳನ್ನು ನೋಡಿ ನೋಡಿ ಕಲಿಯುತ್ತಿದ್ದರು, ಅಷ್ಟು ಅಚ್ಚುಕಟ್ಟು ಅವಳ ಸನ್ನೆ. ಇಲ್ಲಿ, ಸೊಪ್ಪಿನ ಕರೆ ಹಿಡಿದ ತಂಗಿಯ ಒರಟು ಕೈಗಳಿಗೆ ಅವ್ವ ಕರಗಿಹೋಗುತ್ತಾಳೆ. ಆ ಕೈಗಳನ್ನು ಹಿಂದಕ್ಕೆ ಕಟ್ಟಿಹಾಕಬೇಕು ಅನ್ನಿಸುವಷ್ಟು ಹೊಟ್ಟೆ ಉರಿಯಿತು ಅವಳಿಗೆ. ಅಕ್ಕ ಬಂದ ಮೇಲೆ ಚಿಕ್ಕತಾಯಿ ಅವಳ ಶಾಲೆಯ ಸನ್ನೆಗಳನ್ನು ಸುಮಾರಾಗಿ ಕಲಿತುಬಿಟ್ಟಿದ್ದಳು. ತಂಗಿಯದನ್ನು ತಾನು ಕಲಿಯಬೇಕು ಅಂತ ಅಕ್ಕನಿಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಅವಳು ತಂಗಿಯ ಎದುರು ನಿಂತಳು. "ನಿನ್ನದು ಮಾತೇ ಅಲ್ಲ. ಕೋತಿ ಕುಣಿತ. ನೋಡಿದವರು ನಗ್ತಾರೆ. ಇಂಥದ್ದನ್ನ ನಿನಗೆ ಯಾರು ಕಲಿಸಿದ್ದು?"

ಚಿಕ್ಕತಾಯಿಯ ಮುಖ ಸಪ್ಪಗಾಯಿತು. "ಏನಂತೆ?" ಎಂದು ಹನುಮಕ್ಕ ಗದ್ದ ಎತ್ತಿದಳು. ಹುಡುಗಿ ಏನನ್ನೂ ಮುಚ್ಚಿಡದೆ ಹೇಳಿದಳು.

ಹನುಮಕ್ಕ ಎದ್ದು, ಕೈ ಒರೆಸಿಕೊಂಡು ಬಂದು, ದೊಡ್ಡ ಮಗಳ ಎದೆಗೆ ಬೆರಳಿಟ್ಟಳು. "ನೀನು."

ವೆಂಕಟಲಕ್ಷ್ಮಿಗೆ ಅರ್ಥವಾಗಲಿಲ್ಲ. ಅವ್ವನ ಬಾಯಿ, ಕೈ ಎರಡೂ ಒಟ್ಟಿಗೆ ಓಡತೊಡಗಿದವು. ಚಿಕ್ಕತಾಯಿ ನಡುವೆ ನಿಂತು ಅದನ್ನೆಲ್ಲ ಅಕ್ಕನ ಸನ್ನೆಗೆ ತಂದಳು. ಆ ಕೈಗಳನ್ನು ನೋಡದೆ ಅಕ್ಕನಿಗೆ ಬೇರೆ ದಾರಿ ಇರಲಿಲ್ಲ.

"ಇವನ್ನೆಲ್ಲ ಮಾಡಿದ್ದು ನೀನೇ, ಇಷ್ಟುದ್ದ ಇದ್ದಾಗ. ಪೊರೆ ಬಿಡೋ ಮುಂಚೆ ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲ್ಲಾಡದೆ ಇರುತ್ತಲ್ಲ, ಅದನ್ನ ನೋಡಿ ಬೆರಳು ಎತ್ತಿ ನಿದ್ದೆ ಅಂದೆ. ಅಜ್ಜಿ ಅನ್ನೋಕೆ ಗೂನು ಬೆನ್ನು, ಅಪ್ಪ ಅನ್ನೋಕೆ ಮೀಸೆ. ನನಗೇನು ಗೊತ್ತಿತ್ತು, ನೀನು ಹೇಳಿಕೊಟ್ಟೆ. ನಿನ್ನ ರೈಲು ಹತ್ತಿಸಿ ಬಂದ ಮೇಲೆ ಯಾರ ಹತ್ತಿರ ಆಡಲಿ? ಮರೆತುಹೋಗುತ್ತೆ ಅಂತ ಹೆದರಿಕೆ ಆಗ್ತಿತ್ತು. ಈ ಕೂಸು ತೊಡೆ ಮೇಲಿತ್ತು, ಇವಳ ಹತ್ತಿರ ಆಡಿದೆ. ನೀನು ಬಂದಾಗ ಬೇಕಾಗುತ್ತಲ್ಲ ಅಂತ."

ಅಲ್ಲಿಗೆ ಹನುಮಕ್ಕನ ಕೈ ನಿಂತಿತು. ಮುಂದಿನದನ್ನು ಅವಳು ಮುಖ ತಿರುಗಿಸಿ ಬಾಯಲ್ಲಷ್ಟೇ ಹೇಳಿದಳು. "ನೀನು ಬಂದೆ. ನಿನ್ನ ಕೈ ಬೇರೆ ಆಗಿತ್ತು ಕಣವ್ವ." ಅದು ಮಕ್ಕಳಿಬ್ಬರಿಗೂ ತಿಳಿಯಲಿಲ್ಲ.

ವೆಂಕಟಲಕ್ಷ್ಮಿ ಎಷ್ಟು ಯೋಚಿಸಿದರೂ ಆ ಹುಳುವಿನ ಬೆರಳು ನೆನಪಿಗೆ ಬರಲಿಲ್ಲ. ಹೊಟ್ಟೆಕಿಚ್ಚೂ ಆರಲಿಲ್ಲ, ಇನ್ನಷ್ಟು ಹೆಚ್ಚಾಯಿತು. ತಾನು ಬಿಟ್ಟು ಹೋದದ್ದನ್ನು ತಂಗಿ ಎತ್ತಿಕೊಂಡು, ಬೆಳೆಸಿ, ತನಗೇ ಗುರುತು ಸಿಗದಷ್ಟು ಚೆಂದ ಮಾಡಿಕೊಂಡಿದ್ದಾಳೆ! ಆದರೆ ಆ ಕೈಗಳನ್ನು ಒರಟು ಅನ್ನಲು ಅವಳಿಗೆ ಇನ್ನು ಮನಸ್ಸು ಬರಲಿಲ್ಲ. ತಂಗಿಯ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಏಕಾಂತಯ್ಯನಿಗೆ ಏನಾಯ್ತು? ಹೇಳು. ನಿನ್ನ ರೀತಿಯಲ್ಲೇ ಹೇಳು."

ಚಿಕ್ಕತಾಯಿ ಅನುಮಾನದಿಂದಲೇ ಶುರುಮಾಡಿದಳು. ಏಕಾಂತಯ್ಯ ಬೆತ್ತ ಬೀಸುತ್ತ ಬಂದ. ಗೂಡು ಮೂಸಿ ಮುಖ ಸಿಂಡರಿಸಿ ಚೌಕಾಸಿ ಮಾಡಿದ. ಅಷ್ಟರಲ್ಲಿ ಹಿಂದಿನಿಂದ ಅವನ ಜಟಕಾ ಕುದುರೆ ಮೆಲ್ಲಗೆ ಕತ್ತು ಚಾಚಿ ಅವನ ರುಮಾಲಿನ ತುದಿ ಹಿಡಿದು ಅಗಿಯತೊಡಗಿತು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. "ಇನ್ನೊಂದು ಸಲ" ಎಂದಳು ವೆಂಕಟಲಕ್ಷ್ಮಿ. ಎರಡನೆಯ ಸಲ ಕುದುರೆ ಬಂದಾಗ ಅವಳೂ ನಕ್ಕಳು.

ಮುಂದಿನ ಬೆಳೆಯ ಮರಿಹುಳಗಳನ್ನು ಮನೆಗೆ ತಂದ ದಿನ ಸೊಪ್ಪು ಹೆಚ್ಚುವ ಕೆಲಸ ವೆಂಕಟಲಕ್ಷ್ಮಿಯ ಪಾಲಿಗೆ ಬಂತು. ಹನುಮಕ್ಕ ತಟ್ಟೆಗೆ ಬಗ್ಗಿ ನೋಡಿದವಳೇ ಹಣೆ ಚಚ್ಚಿಕೊಂಡಳು. ಎರಡೂ ತೋಳು ಬೀಸಿ, ಕೆನ್ನೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿ ಶುರುಮಾಡಿದಳು. "ಇದೇನು ಹುಳಕ್ಕೆ ಹಾಕೋ ಸೊಪ್ಪಾ, ಎಮ್ಮೆಗಾ? ಕೂದಲಿನ ಹಾಗೆ ಹೆಚ್ಚಬೇಕು ಅಂತ ಹೇಳಲಿಲ್ವಾ? ಕಣ್ಣು ಎಲ್ಲಿಟ್ಟಿದ್ದೆ? ಮೈಗಳ್ಳಿ!"

ಚಿಕ್ಕತಾಯಿ ಅಕ್ಕನಿಗೆ ಬಿಡಿಸಿ ಹೇಳಲು ಕೈ ಎತ್ತಿದಳು. ವೆಂಕಟಲಕ್ಷ್ಮಿ ಬೇಡವೆಂದು ತಲೆಯಾಡಿಸಿ, ಅವ್ವ ಬಯ್ದು ಮುಗಿಸುವವರೆಗೂ ಒಂದು ಮಾತೂ ತಪ್ಪದ ಹಾಗೆ ನೋಡುತ್ತ ನಿಂತಳು.