ಕೇಬಲ್ಲಿನೊಳಗಿನ ಗುಂಡುಸೂಜಿ

ರೇಡಿಯೊ ಸೆಟ್ಟಿನ ಮೀಟರಿನ ಮುಳ್ಳು ಮತ್ತೆ ಕೆಂಪು ಗೆರೆ ದಾಟಿತು. ಅವಳು ಮೈಕಿನ ಗುಂಡಿಯಿಂದ ಬೆರಳು ತೆಗೆದಳು. ಕಳಿಸಿದ ಶಕ್ತಿ ಆಂಟೆನಾ ಮುಟ್ಟದೆ, ಕೇಬಲ್ಲಿನ ಅರ್ಧದಾರಿಯಿಂದಲೇ ವಾಪಸು ಬರುತ್ತಿತ್ತು. ಸ್ಪೀಕರಿನಲ್ಲಿ ಗಂಡನ ದನಿಯಿಲ್ಲ. ಎಂದಿನ ಗೊರಗೊರ ಸದ್ದೂ ಇಲ್ಲ.

ಗಂಡ ದೂರದ ನಡುಗಡ್ಡೆಯ ಹವಾಮಾನ ಠಾಣೆಯಲ್ಲಿ ಒಬ್ಬಂಟಿ. ಅಲ್ಲಿಗೆ ಫೋನಿಲ್ಲ. ಸಂಜೆ ಅವಳು ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದ ಮೇಲೆ ಹ್ಯಾಮ್ ರೇಡಿಯೊದಲ್ಲಿ ನಾಲ್ಕು ಮಾತು, ಅಷ್ಟೆ. ಬ್ಯಾಟರಿ ಉಳಿಸಲು ಅವನು ಬೇಗ ಸೆಟ್ಟು ಆರಿಸಿಬಿಡುತ್ತಿದ್ದ. ಮನೆಯ ಸೆಟ್ಟು ಅತ್ತೆಯದು. ಒಂದು ಕಾಲದಲ್ಲಿ ತಂತಿ ಕಚೇರಿಯಲ್ಲಿದ್ದ ಅವರು ಮೊಣಕಾಲು ಹಿಡಿದುಕೊಂಡ ಮೇಲೆ ಅದನ್ನು ಸೊಸೆಗೆ ಬಿಟ್ಟುಕೊಟ್ಟಿದ್ದರು.

ಹಿಂದಿನ ಸಂಜೆಯೂ ಹೀಗೇ ಆಗಿತ್ತು. ಆಂಟೆನಾ ಕಳಚಿ, ಅದರ ಬದಲಿಗೆ ಶಕ್ತಿ ಹೀರಿಕೊಳ್ಳುವ ಡಮ್ಮಿ ಲೋಡ್ ಜೋಡಿಸಿ ನೋಡಿದ್ದಳು, ಸೆಟ್ಟು ಸರಿಯಿತ್ತು. ಪ್ಲಗ್ಗಿಗೆ ಹೊಸ ಬೆಸುಗೆ ಹಾಕಿದ್ದಳು, ಪ್ರಯೋಜನವಾಗಿರಲಿಲ್ಲ. ಈಗ ತಾರಸಿ ಹತ್ತಿ ಕೇಬಲ್ಲನ್ನು ಗೇಣುಗೇಣಾಗಿ ಸವರುತ್ತ ಹೋದಳು. ನೀರಿನ ಟ್ಯಾಂಕಿನ ಹತ್ತಿರ ಬೆರಳಿಗೆ ಏನೋ ಚುರುಕ್ಕೆಂದಿತು.

ಗುಂಡುಸೂಜಿ. ತಲೆ ಕತ್ತರಿಸಿ, ಕಣ್ಣಿಗೆ ಬೀಳದಂತೆ ಒಳಗೆ ಒತ್ತಿದ್ದರು. ಕೇಬಲ್ಲಿನ ಜಾಲರಿಯನ್ನೂ ನಡುವಿನ ತಂತಿಯನ್ನೂ ಒಂದು ಮಾಡಿ ಅದು ಎಲ್ಲವನ್ನೂ ಮೂಕವಾಗಿಸಿತ್ತು.

ತಾರಸಿಯ ಮೆಟ್ಟಿಲು ಇರುವುದು ಮನೆಯ ಒಳಗೇ. ಅಂದರೆ ಯಾರೋ ಮನೆಯೊಳಗೆ ಬಂದು ಹೋಗಿದ್ದಾರೆ.

ಕೆಳಮನೆಯ ಎಲೆಕ್ಟ್ರಿಷಿಯನ್ನನ ಮಾತು ನೆನಪಾಯಿತು. "ನೀವು ಮಾತಾಡಿದಾಗೆಲ್ಲ ನಮ್ಮ ಟಿವಿ ಕುಣಿಯುತ್ತೆ. ಆ ಆಂಟೆನಾ ಕಂಬಕ್ಕೊಂದು ಗತಿ ಕಾಣಿಸ್ತೀನಿ, ನೋಡ್ತಿರಿ."

ಸೂಜಿ ಕಿತ್ತು ಕೆಳಗೋಡಿದಳು. ಗೊರಗೊರ ಮರಳಿತ್ತು. ಆದರೆ ಗಂಡನ ಹೊತ್ತು ಮೀರಿಹೋಗಿತ್ತು.

"ಅತ್ತೆ, ನಿನ್ನೆ ಮಧ್ಯಾಹ್ನ ಯಾರಾದ್ರೂ ಬಂದಿದ್ರಾ?"

"ಯಾರು ಬರ್ತಾರೆ?" ಅತ್ತೆ ತಲೆಯೆತ್ತಲಿಲ್ಲ. ಅವರ ಮುಂದಿನ ತಟ್ಟೆ ಬಡಿಸಿದ ಹಾಗೇ ಇತ್ತು.

ಅವಳು ಸೂಜಿ ತೋರಿಸಿದಳು. ಅತ್ತೆ ಅದನ್ನೇ ನೋಡುತ್ತ ಕೂತರು. "ಕೆಟ್ಟಿದ್ದು ನಾಲ್ಕು ದಿನ ಕೆಟ್ಟೇ ಇರಲಿ ಬಿಡಮ್ಮ. ಮೊದಲು ಹೊಟ್ಟೆಗೆ ಏನಾದ್ರೂ ಹಾಕ್ಕೋ."

"ನನಗೆ ಭಯ ಆಗ್ತಿದೆ ಅತ್ತೆ."

"ನನಗೂ," ಎಂದರು ಅತ್ತೆ.

ಸೂಜಿ ಚುಚ್ಚಿದವನು ಮತ್ತೆ ಬಂದೇ ಬರುತ್ತಾನೆಂದುಕೊಂಡು, ಮರುದಿನ ಡ್ಯೂಟಿಗೆಂದು ಹೊರಟವಳು ಬೀದಿಯ ತುದಿಯಿಂದ ಹಿಂತಿರುಗಿದಳು. ಅತ್ತೆ ಸ್ನಾನಕ್ಕೆ ಹೋದ ಸಮಯ ನೋಡಿ ಒಳಗೆ ನುಸುಳಿ, ತಾರಸಿ ಸೇರಿ, ಟ್ಯಾಂಕಿನ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಕೈಯಲ್ಲಿ ಸ್ಪ್ಯಾನರ್. ಬೆವರಿಗೆ ಅದು ಜಾರುತ್ತಿತ್ತು. ಎಲೆಕ್ಟ್ರಿಷಿಯನ್ ಆಳು ಗಟ್ಟಿಮುಟ್ಟು. ಕೂಗಿದರೂ ಯಾರಿಗೆ ಕೇಳಿಸೀತು?

ಬಿಸಿಲು ನೆತ್ತಿಗೇರಿತು. ಮೆಟ್ಟಿಲಲ್ಲಿ ಸದ್ದಾಯಿತು. ಒಂದು ಹೆಜ್ಜೆ. ನಿಂತಿತು. ಮತ್ತೊಂದು ಹೆಜ್ಜೆ. ಅವಳು ಸ್ಪ್ಯಾನರ್ ಎತ್ತಿದಳು. ಬಾಗಿಲು ಕಿರುಗುಟ್ಟಿತು.

ಗೋಡೆ ಹಿಡಿದು, ಕಾಲೆಳೆಯುತ್ತ ಬಂದವರು ಅತ್ತೆ. ಒಂದು ಕೈಯಲ್ಲಿ ಕಟಿಂಗ್ ಪ್ಲೈಯರ್. ತುಟಿಗಳ ನಡುವೆ ಗುಂಡುಸೂಜಿ.

"ನೀವಾ?" ಅವಳು ಎದ್ದು ನಿಂತಳು. ಎತ್ತಿದ ಕೈ ಇಳಿಸಲೂ ಮರೆತಿದ್ದಳು. "ನಾನು ಅವರ ಜೊತೆ ಮಾತಾಡೋದು ನಿಮಗೆ ಬೇಡವಾಯ್ತಾ? ಅವರು ನಿಮ್ಮ ಮಗ ಅಲ್ವಾ?"

ಅತ್ತೆ ಸೂಜಿಯನ್ನು ಕೈಗೆ ತೆಗೆದುಕೊಂಡರು. ನಿಲ್ಲಲಾರದೆ ಬಿಸಿ ನೆಲದ ಮೇಲೇ ಕುಸಿದು ಕೂತರು.

"ಮೊನ್ನೆ ಮಧ್ಯಾಹ್ನ ನಡುಗಡ್ಡೆಯ ದೋಣಿಯವರು ಮನೆಗೆ ಬಂದಿದ್ರು ಕಣಮ್ಮ," ಎಂದರು. ಕೈಯಲ್ಲಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು. "ಕೇಬಲ್ ಕೆಟ್ಟಿರೋವರೆಗೂ ಅವನ ಮಾತು ನಮಗೆ ಕೇಳಿಸ್ತಿಲ್ಲ, ಅಷ್ಟೆ. ಅದು ಸರಿಹೋದ್ರೆ, ಮಾತಾಡೋಕೆ ಅವನೇ ಇಲ್ಲ ಅನ್ನೋದು ನಿನಗೆ ಗೊತ್ತಾಗಿಬಿಡುತ್ತೆ."